ಗುಜರಿಗೆ ಹಾಕಬೇಕೆಂದಿದ್ದ ಕಂಪ್ಯೂಟರು

ಕೌಜಲಗಿಯಿಂದ ಮೊದಲ ಬಸ್ಸಿಗೆ ಬಂದ ಕೆಂಚಪ್ಪ, ಮಗಳು ರಾಧಿಕಾಳನ್ನು ಮುಂದೆ ಬಿಟ್ಟುಕೊಂಡು, ಮೂಡಲಗಿಯ ಪೇಟೆಯಲ್ಲಿ ರಾವಸಾಹೇಬರ ಅರಿವೆ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟ. ಅವನಿಗೆ ಬೇಕಾಗಿದ್ದದ್ದು ಅರಿವೆಯಲ್ಲ, ಅಂಗಡಿಯ ಮೇಲಿನ ಕೋಣೆಯ ಕಂಪ್ಯೂಟರ್ ಕ್ಲಾಸು. ಆದರೆ ಅಲ್ಲಿಗೆ ಹತ್ತುವ ಮೆಟ್ಟಿಲು ಅಂಗಡಿಯೊಳಗೇ ಇತ್ತು. ಗಾದಿಯ ಮೇಲೆ ಕೂತ ರಾವಸಾಹೇಬರಿಗೆ ಕೈಮುಗಿದು, ಸೀರೆ ನೋಡುತ್ತಿದ್ದ ಹೆಂಗಸರನ್ನು ಬಳಸಿಕೊಂಡು ತಂದೆ ಮಗಳು ಮೇಲೆ ಹತ್ತಿದರು.

ಮೇಲೆ ಅಭಿನಂದನ ಸರ್ ತಮ್ಮ ಖುರ್ಚಿಯಲ್ಲಿದ್ದರು. ರಾವಸಾಹೇಬರ ಒಬ್ಬನೇ ಮಗ. ಇನ್ನೂ ಮೂವತ್ತು ಮುಟ್ಟಿಲ್ಲ. ಆದರೆ ಪೇಟೆಯ ಸಣ್ಣವರು ದೊಡ್ಡವರೆಲ್ಲ ‘ಸರ್’ ಎನ್ನುವುದನ್ನು ಕೇಳಿ ಕೇಳಿ ಅವನ ನಡಿಗೆಯಲ್ಲೇ ಒಂದು ಗತ್ತು ಸೇರಿಕೊಂಡಿತ್ತು.

“ಹೆಣ್ಣಮಕ್ಳು ಕಂಪ್ಯೂಟರ್ ಕಲೀಬೇಕ್ರಿ ಕೆಂಚಪ್ಪನವರ,” ಎಂದ ಅಭಿನಂದನ. “ಇದು ಎರಡ ಸಾವಿರದ ಆರನೇ ಇಸವಿ. ಇನ್ನೂ ಮಗಳ್ನ ಮನ್ಯಾಗ ಕುಂಡ್ರಿಸಿಕೊಂಡ್ರ ಹೆಂಗ?”

“ಖರೆ ಐತ್ರಿ ಸರ್. ಅದಕ ಕರಕೊಂಡು ಬಂದೇನಿ.” ಕೆಂಚಪ್ಪ ಕೋಣೆಯ ತುಂಬ ಒಮ್ಮೆ ಕಣ್ಣು ಹಾಯಿಸಿದ. ಕೂತವರೆಲ್ಲ ಹುಡುಗರೇ. “ಕಲಸಾಕ ಹೆಣ್ಣಮಕ್ಳು ಯಾರರ ಅದಾರೇನ್ರಿ?”

“ಇಲ್ಲ, ನಾನ ಕಲಸ್ತೇನಿ.”

“ಒಬ್ರು ಇದ್ರ ನಮಗೂ ಧೈರ್ಯ ಇರ್ತಿತ್ರಿ. ಇಕಿ ಅವ್ವ ಇದನ್ನ ಕೇಳಿ ಬಾ ಅಂತ ಕಳಿಸ್ಯಾಳ.”

“ನೋಡೋಣ್ರಿ. ಮುಂದ ಏನರ ವ್ಯವಸ್ಥಾ ಮಾಡೋಣು.”

“ಹಂಗಾದ್ರ ನಾವೂ ಮುಂದ ಬರ್ತೀವ್ರಿ,” ಎಂದು ಕೆಂಚಪ್ಪ ಎದ್ದ. ರಾಧಿಕಾ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹತ್ತಿರವಿದ್ದ ಕೀಲಿಮಣೆಯನ್ನು ಮುಟ್ಟಲೋ ಬೇಡವೋ ಎಂಬಂತೆ ನೋಡಿ, ತಂದೆಯ ಹಿಂದೆ ಇಳಿದು ಹೋದಳು.

ಈ ಹಳ್ಳಿಯ ಜನ ಯಾವಾಗ ಸುಧಾರಿಸುತ್ತಾರೋ ಎಂದು ಅಭಿನಂದನನಿಗೆ ಬೇಸರವಾಯಿತು. ಪಾಪ, ಬೇಸರ ನಿಜವಾದದ್ದೇ. ಕಂಪ್ಯೂಟರ್ ಕಲಿಸಬಲ್ಲ ಹೆಣ್ಣುಮಗಳೊಬ್ಬಳು ಅದೇ ಹೊತ್ತಿಗೆ ಅವನದೇ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಳೆ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ಅವಳು ಅವನ ಹೆಂಡತಿ ಶುಭಾಂಗಿ. ಹುಕ್ಕೇರಿಯ ಹೆಣ್ಣು, ಬಿಎಸ್ಸಿ ಓದಿದವಳು. ಮದುವೆಗೆ ಮೊದಲು ಅಲ್ಲಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದಳು. ಹೆಣ್ಣು ನೋಡಲು ಹೋದ ದಿನ ಅವಳು ಕೇಳಿದ್ದು ಒಂದೇ ಮಾತು: “ಕಲಸೂದು ಬಿಡಬೇಕಾಗತೈತೇನ್ರಿ?” ಅಭಿನಂದನ ಎಲ್ಲರೆದುರು ನಕ್ಕು, “ಬಿಡೋದ್ಯಾಕ? ನಮ್ಮದ ಕ್ಲಾಸ್ ಐತಲ್ಲ,” ಎಂದಿದ್ದ. ಆ ಮಾತಿಗೆ ಅವಳು ಒಪ್ಪಿದ್ದಳು.

ಮದುವೆಯಾದ ಹೊಸತರಲ್ಲಿ, ಹೊಸ ಸೊಸೆ, ಇಷ್ಟು ಬೇಗ ಬೇಡ ಎಂದಾಯಿತು. ಆಮೇಲೆ ಚಾತುರ್ಮಾಸ ಬಂತು. ಆಮೇಲೆ ದೀಪಾವಳಿ, ಅಂಗಡಿಯಲ್ಲಿ ಗದ್ದಲ. ಹೀಗೆ ವರ್ಷದ ಮೇಲಾಯಿತು. ಅಭಿನಂದನ ಒಮ್ಮೆಯೂ ಇಲ್ಲವೆನ್ನಲಿಲ್ಲ. ಕೇಳಿದಾಗೆಲ್ಲ “ನೋಡೋಣು” ಎನ್ನುತ್ತಿದ್ದ. ಇಲ್ಲವೆಂದವನ ಜತೆಗಾದರೂ ಜಗಳ ತೆಗೆಯಬಹುದು, ನೋಡೋಣ ಎನ್ನುವವನ ಜತೆ ಏನು ಮಾಡುವುದು? ತನ್ನ ಹೆಂಡತಿ ಅಂಗಡಿಯ ಗಿರಾಕಿಗಳ ಎದುರು ದಿನವೂ ಹತ್ತಿ ಇಳಿಯುವುದನ್ನು ಅಪ್ಪ ಒಪ್ಪುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅಪ್ಪನನ್ನು ಕೇಳಿ ಮಾತ್ರ ನೋಡಿರಲಿಲ್ಲ.

ಮನೆಯಲ್ಲಿ ಕಾಳಿನ ಚೀಲಗಳ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರು ಬಿದ್ದಿತ್ತು. ಕ್ಲಾಸು ಶುರು ಮಾಡಿದಾಗ ಕೊಂಡ ಮೊದಲನೆಯದು. ಹೊಸವು ಬಂದ ಮೇಲೆ ಅದು ಮನೆಗೆ ಬಂತು. ಅದರಲ್ಲಿದ್ದ ವಿಂಡೋಸ್, ಯಾರಿಂದಲೋ ಇಸಿದುಕೊಂಡ ನಕಲು ಪ್ರತಿ, ವೈರಸ್ ಹತ್ತಿ ಹತ್ತಿ ಒಂದು ದಿನ ಏಳಲೇ ಇಲ್ಲ. ಅಭಿನಂದನ ಅದನ್ನು ಗುಜರಿಗೆ ಹಾಕುವುದೆಂದು ಠರಾಯಿಸಿದ್ದ.

“ಗುಜರಿಗೆ ಹಾಕೂ ಮೊದ್ಲ ನಾ ಒಂದೀಟು ನೋಡ್ಲೇನ್ರಿ?” ಎಂದು ಶುಭಾಂಗಿ ಕೇಳಿದಳು.

“ಸತ್ತದ್ದನ್ನ ಏನ್ ನೋಡತಿ?”

“ಮಶೀನ್ ಸತ್ತಿಲ್ರಿ. ಒಳಗಿಂದು ಸತ್ತೈತಿ. ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ರ ಏಳಬೌದು.”

“ಹಾಕು ಹಾಕು,” ಎಂದು ಅವನು ನಕ್ಕ. ಬಿಟ್ಟಿ ಸಿಗುವ ಲಿನಕ್ಸ್ ಅಂಥವೆಲ್ಲ ಕೆಲಸಕ್ಕೆ ಬಾರದವು ಎಂದು ಅವನು ಹುಡುಗರಿಗೆ ಪಾಠದಲ್ಲೇ ಹೇಳಿದ್ದ. ಅವನು ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ, ಆ ಮಾತು ಬೇರೆ.

ಶುಭಾಂಗಿಯ ಟ್ರಂಕಿನಲ್ಲಿ ಸೀರೆಗಳ ನಡುವೆ ಹುಕ್ಕೇರಿಯ ದಿನಗಳ ಸಿಡಿಗಳಿದ್ದವು. ಕಂಪ್ಯೂಟರ್ ಪತ್ರಿಕೆಗಳ ಜತೆ ಬರುತ್ತಿದ್ದಂಥವು. ಮೊದಲನೆಯದನ್ನು ಹಾಕಿದಾಗ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಂತು, ಮನೆಯವರೆಲ್ಲ ಬಂದು ನೋಡುವಷ್ಟರಲ್ಲಿ ಅಲ್ಲೇ ನಿಂತುಬಿಟ್ಟಿತು. ಆ ಹಳೆಯ ಯಂತ್ರದ ನೆನಪಿನ ಶಕ್ತಿಗೆ ಅದು ಭಾರವಾಗಿತ್ತು. ಎರಡನೆಯದು ಎದ್ದಿತು, ಆದರೆ ಮೌಸ್ ಅಲುಗಲೊಲ್ಲದು. ಇನ್ನೊಂದರಲ್ಲಿ ಕಪ್ಪು ಪರದೆಯ ಮೇಲೆ ಒಂದು ಬಿಳಿಯ ಗೆರೆ ಮಿಣಮಿಣ ಎನ್ನುತ್ತ ಆಜ್ಞೆಗೆ ಕಾಯುತ್ತಿತ್ತು. ಏನು ಆಜ್ಞೆ ಕೊಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕಾಳಿನ ಕೋಣೆಗೆ ಬಂದಾಗೆಲ್ಲ ಅಭಿನಂದನ, “ಆತಿಲ್ಲೋ?” ಎಂದು ಕೇಳಿ ಸಮಾಧಾನದಿಂದ ಹೋಗುತ್ತಿದ್ದ.

ಅಷ್ಟರಲ್ಲಿ ಅಂಚೆಯ ಅಪ್ಪಣ್ಣ ಅಂಗಡಿಗೆ ಬಂದು, ಹೊರದೇಶದ ಮುದ್ರೆಯಿದ್ದ ಪೊಟ್ಟಣವೊಂದನ್ನು ಎಲ್ಲರೆದುರು ರಾವಸಾಹೇಬರ ಕೈಗೆ ಕೊಟ್ಟ. ಮೇಲೆ ಸೊಸೆಯ ಹೆಸರು! ರಾವಸಾಹೇಬರು ಗಿರಾಕಿಗಳನ್ನು ಆಳಿಗೆ ಒಪ್ಪಿಸಿ ನೇರ ಮನೆಗೆ ನಡೆದರು. ಗಾಬರಿಯಿಂದ ಅಭಿನಂದನನೂ ಹಿಂದೆಯೇ ಬಂದ.

“ಹೊರದೇಶದಾಗ ನಿನಗ ಯಾರವ್ವಾ ಗುರುತಿನವ್ರು?” ಎಂದು ರಾವಸಾಹೇಬರು ಕೇಳಿದರು. ಧ್ವನಿ ಏರಿಸಲಿಲ್ಲ, ಏರಿಸಿದ್ದರೇ ವಾಸಿಯಿತ್ತು.

“ಗುರುತಿನವ್ರಲ್ರಿ ಮಾವಾರ. ಹುಕ್ಕೇರಿಗೆ ಹೋದಾಗ ಇಂಟರ್ನೆಟ್ಟಿನ್ಯಾಗ ಕೇಳಿದ್ದೆ. ಕೇಳಿದಾವ್ರಿಗೆಲ್ಲಾ ಈ ಲಿನಕ್ಸ್ ಸಿಡಿ ಕಳಸ್ತಾರ.”

“ಎಷ್ಟ ರೊಕ್ಕ?”

“ರೊಕ್ಕಿಲ್ರಿ.”

“ರೊಕ್ಕಿಲ್ದ ಯಾರ ಕೊಡತಾರ? ನಾ ವ್ಯಾಪಾರ ಮಾಡೇ ಮುದುಕ ಆದೆ.”

ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ರಾವಸಾಹೇಬರ ತಾಯಿ ಜಿನ್ನವ್ವ ತಲೆಯೆತ್ತಿದಳು. ಮನೆಯವರಿಗೆಲ್ಲ ಅವಳು ಆಯಿ. ಅತ್ತೆಯಿಲ್ಲದ ಆ ಮನೆಯಲ್ಲಿ ಶುಭಾಂಗಿಗೆ ಅತ್ತೆಯೂ ಅವಳೇ.

“ಶುಭಾ, ಹಂಗ ಬಂದದ್ದನ್ನ ನಾವು ಮತ್ತೊಬ್ರಿಗೆ ಕೊಡಬೌದೇನು?”

“ಕೊಡಬೌದ್ರಿ ಆಯಿ. ಕಾಪಿ ಮಾಡಿ ಕೊಡ್ರಿ ಅಂತನ ಬರದಾರ.”

“ಕೊಟ್ಟಾವ್ರಿಗೆ ಏನ್ ಸಿಗತೈತಿ?”

“ಏನಿಲ್ರಿ. ನಾಕ ಮಂದಿ ಕಲತ್ರ ಅವ್ರಿಗೆ ಸಮಾಧಾನ.”

ಆಯಿ ಬತ್ತಿಯ ತಟ್ಟೆಯನ್ನು ಬದಿಗೆ ಸರಿಸಿದಳು. “ರಾವಸಾಹೇಬ, ಇದು ಶಾಸ್ತ್ರದಾನಲೋ!”

ಜೈನರ ಮನೆಯಲ್ಲಿ ಆ ಮಾತಿಗೆ ಎದುರಿಲ್ಲ. ಅನ್ನ, ಔಷಧ, ಅಭಯ, ಶಾಸ್ತ್ರ ಎಂದು ದಾನ ನಾಲ್ಕು. ಆಯಿಯ ಗಂಡ ತೀರಿಕೊಂಡಾಗ ಈ ಮನೆಯವರೂ ಒಂದು ಶಾಸ್ತ್ರಗ್ರಂಥ ಅಚ್ಚು ಹಾಕಿಸಿ ಬಸದಿಯಲ್ಲಿ ಹಂಚಿದ್ದರು. ರಾವಸಾಹೇಬರು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಸೆಯ ಕೈಗೆ ಕೊಟ್ಟು ಅಂಗಡಿಗೆ ಹೋದರು.

ಸೊಸೆಯ ಕೈಗೆ ಬಂತೇನೋ ನಿಜ, ಅಲ್ಲಿ ಉಳಿಯಲಿಲ್ಲ. ಆಯಿ ಆ ಸಿಡಿಗಳನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಶಾಸ್ತ್ರಗಳ ಜತೆ ಇಟ್ಟುಬಿಟ್ಟಳು. ದಾನವಾಗಿ ಬಂದ ಶಾಸ್ತ್ರವನ್ನು ನೆಲದ ಮೇಲೆ, ಜೋಳದ ಚೀಲದ ಬದಿಗೆ ಇಡುವುದುಂಟೆ? ಇನ್ನು ಅದನ್ನು ತೆಗೆಯಬೇಕಾದರೆ ಸ್ನಾನ ಮಾಡಿ ಮಡಿಯಲ್ಲಿ ತೆಗೆಯಬೇಕು. ತಿಂಗಳಿನ ಹೊರಗಿನ ದಿನಗಳಲ್ಲಂತೂ ಶುಭಾಂಗಿ ಆ ಬಾಗಿಲಿಗೂ ಹೋಗುವಂತಿಲ್ಲ. ಇದನ್ನು ನೋಡಿ ಅಭಿನಂದನ ಹೊಟ್ಟೆ ಹಿಡಿದುಕೊಂಡು ನಕ್ಕ. ಶುಭಾಂಗಿ ನಗಲಿಲ್ಲ, ಆಯಿಯನ್ನು ಎದುರಿಸಲೂ ಇಲ್ಲ. ಮಡಿಯಲ್ಲಿ ಒಂದು ಸಿಡಿ ತೆಗೆದು ಗಂಡನ ಕೈಗೆ ಕೊಟ್ಟು ಕ್ಲಾಸಿನ ಕಂಪ್ಯೂಟರಿನಲ್ಲಿ ಪ್ರತಿ ತೆಗೆಸಿಕೊಂಡಳು. ಶಾಸ್ತ್ರ ದೇವರ ಕೋಣೆಯಲ್ಲಿ ಉಳಿಯಿತು, ಪ್ರತಿ ಜೋಳದ ಚೀಲದ ಬದಿಗೆ ಬಂತು. ಆಯಿಗೂ ಶುಭಾಂಗಿಗೂ ನೆಮ್ಮದಿಯಾಯಿತು.

ಹೊತ್ತು ಮುಳುಗುವುದರೊಳಗೆ ಊಟ ಮುಗಿಯುವ ಮನೆ ಅದು, ಸಂಜೆಗಳು ಉದ್ದ. ಆ ಪ್ರತಿ ಹೇಗೆ ಬಂದಿದೆ ನೋಡೋಣವೆಂದು ಅಭಿನಂದನ ಒಂದು ಸಂಜೆ ಕಾಳಿನ ಕೋಣೆಯಲ್ಲಿ ಕೂತ. ಮರುದಿನವೂ ಕೂತ. ಅಂಚೆಯಲ್ಲಿ ಬಂದ ಸಿಸ್ಟಮ್ಮು ಪೂರ್ತಿ ರೂಪದಲ್ಲಿ ಈ ಯಂತ್ರಕ್ಕೆ ಭಾರವೆಂದು ತಿಳಿಯಿತು. ಹಗುರಾದದ್ದೊಂದನ್ನು ಅವನೇ ಕ್ಲಾಸಿನ ಇಂಟರ್ನೆಟ್ಟಿನಿಂದ ಇಳಿಸಿ ತಂದ. ಅದು ನಿಮಿಷದಲ್ಲಿ ಎದ್ದಾಗ ಇಬ್ಬರೂ ಮಕ್ಕಳ ಹಾಗೆ ಕೂಗಿದರು. ಅದರಲ್ಲಿ ಕನ್ನಡದ ಅಕ್ಷರಗಳೆಲ್ಲ ಚೌಕಚೌಕವಾಗಿ ಕಂಡವು. “ಇದು ಬ್ಯಾಡ, ಕನ್ನಡ ಬರೋದ ಬೇಕು,” ಎಂದಳು ಶುಭಾಂಗಿ. ಮತ್ತೊಂದು ತಂದರು. ಹಾಕುವುದು, ಕೆಡಿಸುವುದು, ಅಳಿಸಿ ಮತ್ತೆ ಹಾಕುವುದು. ಕರೆಂಟು ಹೋದರೆ ಕತ್ತಲೆಯಲ್ಲೇ, ಮುಂದೆ ಏನು ಮಾಡೋಣ ಎಂದು ಮಾತು. ಮದುವೆಯಾದ ಮೇಲೆ ಇಬ್ಬರೂ ಇಷ್ಟೊಂದು ಮಾತಾಡಿದ್ದು ಅದೇ ಮೊದಲು. ಅಭಿನಂದನ ಅಷ್ಟು ಸುಖವಾಗಿದ್ದ ಎಂದರೆ, ತಾನು ಸರ್ ಎಂಬುದೇ ಅವನಿಗೆ ಮರೆತುಹೋಗಿತ್ತು.

ನೆನಪಾದದ್ದು ಕಡೆಯ ಸಿಸ್ಟಮ್ ಹಾಕಿದ ದಿನ. ಎಲ್ಲ ಸರಿಯಾಗಿ ನಡೆದು, ಇನ್ನೇನು ಚಿತ್ರ ಬರಬೇಕು ಎನ್ನುವಾಗ ಪರದೆ ಕಪ್ಪಾಯಿತು. ತೆಗೆದು ಹಾಕಿದರೂ ಅದೇ.

“ಮಾನಿಟರ್ ಸುಟ್ಟೈತಿ,” ಎಂದ ಅಭಿನಂದನ. ಕ್ಲಾಸಿನಲ್ಲಿ ತೀರ್ಪು ಕೊಡುವಾಗಿನ ಧ್ವನಿ. “ಮುಗೀತು.”

ಶುಭಾಂಗಿ ಮಾನಿಟರನ್ನು ತಿರುಗಿಸಿ, ಬೆನ್ನಿಗೆ ಅಂಟಿಸಿದ್ದ ಚೀಟಿಯ ಧೂಳನ್ನು ಸೆರಗಿನಿಂದ ಒರೆಸಿ, ಅದರ ಮೇಲಿನ ಸಣ್ಣ ಅಂಕಿಗಳನ್ನು ಓದಿದಳು. ಚಿತ್ರವಿಲ್ಲದೆ ಬರೀ ಅಕ್ಷರಗಳಲ್ಲಿ ಯಂತ್ರವನ್ನು ಎಬ್ಬಿಸಿ, ಈ ದಿನಗಳಲ್ಲಿ ಕಲಿತ ಆಜ್ಞೆಗಳಿಂದ ಒಂದು ಫೈಲು ತೆರೆದು ಆ ಅಂಕಿಗಳನ್ನು ಅದರಲ್ಲಿ ಬರೆದಳು. “ಮಾನಿಟರಿನ ಶಕ್ತಿಗೆ ಮೀರಿದ್ದನ್ನ ಸಿಸ್ಟಮ್ ಕೇಳಾಕತ್ತಿತ್ರಿ, ಅದಕ ಮುಖಾ ತಿರುವಿತ್ತು,” ಎಂದು ಗುಂಡಿ ಒತ್ತಿದಳು. ನೀಲಿಯ ಪರದೆ ಬಂತು. ಮೂಲೆಯಲ್ಲಿ ಕನ್ನಡದ ಅಕ್ಷರಗಳು, ಚೌಕವಲ್ಲ, ಗುಂಡಗೆ ಅಚ್ಚಕನ್ನಡ.

ಅವಳು ಅವನ ಕಡೆ ತಿರುಗಿದಾಗ ಮುಖವೆಲ್ಲ ಹಿಗ್ಗು. ಅವನಿಗೂ ಹಿಗ್ಗಬೇಕೆನಿಸಿತು, ಆಗಲಿಲ್ಲ. ಇವಳು ನಾಳೆ ಕ್ಲಾಸಿಗೆ ಬಂದು ಹುಡುಗರೆದುರು ಹೀಗೆ ಮಾಡಿ ತೋರಿಸಿದರೆ ತಾನೇನಾಗಿ ಉಳಿದೇನು ಎಂಬ ಯೋಚನೆ ಎದೆಯಲ್ಲಿ ಚುಚ್ಚಿತು. ಇಷ್ಟು ದಿನ ಅಪ್ಪನ ಹೆಸರಿನ ಹಿಂದೆ ಅಡಗಿಸಿಟ್ಟಿದ್ದ ಹೆದರಿಕೆ ಇದೇ ಎಂದು ಅವನಿಗೆ ಆಗ ತಿಳಿಯಿತು. ತಿಳಿದದ್ದಕ್ಕೆ ನಾಚಿಕೆಯೂ ಆಯಿತು, ಆ ನಾಚಿಕೆ ಸಿಟ್ಟಾಗಿ ಹೊರಬಂತು.

“ಸಾಕಿನ್ನ. ಇದನ್ನ ತಗೊಂಡು ಏನ್ ಮಾಡಾಕಿ? ಮನ್ಯಾಗ ಕೆಲಸಿಲ್ಲೇನು?”

ಶುಭಾಂಗಿ ಗುಂಡಿ ಒತ್ತಿ ಪರದೆ ಆರಿಸಿದಳು. “ಕ್ಲಾಸಿಗೆ ಬರ್ಲೇನ್ರಿ ಅಂತ ಇನ್ನ ಕೇಳಂಗಿಲ್ಲ ಬಿಡ್ರಿ,” ಎಂದಷ್ಟೇ ಹೇಳಿ ಒಳಗೆ ಹೋದಳು. ಕೇಳಲೂ ಇಲ್ಲ. ಅವನೂ ಕಾಳಿನ ಕೋಣೆಗೆ ಕಾಲಿಡಲಿಲ್ಲ.

ಶ್ರಾವಣ ಬಂತು. ಪಂಚಮಿ ಹಬ್ಬಕ್ಕೆ ಅವಳ ಅಣ್ಣ ಬಂದು ಹುಕ್ಕೇರಿಗೆ ಕರೆದುಕೊಂಡು ಹೋದ. ಅವಳು ಇಲ್ಲದಾಗಲೇ ಮುಗಿಸಿಬಿಡೋಣವೆಂದು ಅಭಿನಂದನ ಘಟಪ್ರಭಾದಿಂದ ಗುಜರಿಯ ದುರ್ಗಪ್ಪನನ್ನು ಕರೆಸಿದ. ಅವನನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು ನೋಡಿದರೆ, ಕಾಳಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಆಯಿ ಮಣೆ ಹಾಕಿಕೊಂಡು ಕೂತಿದ್ದಳು.

“ಆಯಿ, ಏಳು. ಅವಂಗ ಹೊತ್ತಾಗತೈತಿ.”

“ಇದರಾಗ ಶಾಸ್ತ್ರ ಐತಿ. ಗುಜರಿಗೆ ಕೊಡಂಗಿಲ್ಲ.”

“ಅಯ್ಯ ಆಯಿ, ಶಾಸ್ತ್ರನೂ ಇಲ್ಲ ಏನೂ ಇಲ್ಲ. ಖಾಲಿ ಡಬ್ಬಿ ಅದು.”

“ನಿನಗ ಗೊತ್ತಿಲ್ಲ,” ಎಂದಳು ಆಯಿ. ಮೊಣಕಾಲು ಹಿಡಿದುಕೊಂಡು ಎದ್ದಳು, ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಅಭಿನಂದನ ನೋಡುತ್ತಿದ್ದಂತೆಯೇ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಸಾಲುಗಳು ಸರಸರ ಏರುತ್ತಿರುವಷ್ಟು ಹೊತ್ತೂ ಕೈಮುಗಿದು ಕೂತಿದ್ದಳು. ನೀಲಿ ಬಂದ ಮೇಲೆ ಕೈ ಬಿಚ್ಚಿ, ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಅಷ್ಟಷ್ಟೇ ಸರಿಸಿ, ಒಂದು ಹಾಳೆ ತೆರೆದಳು. ಆಮೇಲೆ ಒಂದೊಂದೇ ಕೀಲಿಯನ್ನು ಹುಡುಕಿ ಹುಡುಕಿ ಒತ್ತಿದಳು. ದೊಡ್ಡ ಅಕ್ಷರಗಳಲ್ಲಿ ಜಿನ್ನವ್ವ ಎಂದು ಬಂತು. ಅದರ ಮುಂದೆ, ಬಹಳ ಹೊತ್ತು ಹುಡುಕಾಡಿ, ಅಭಿನಂದನ ಎಂದು ಬರೆದಳು.

ಆಯಿಗೆ ಓದಲು ಬರುವುದಿಲ್ಲ ಎಂಬುದು ಆ ಮನೆಯಲ್ಲಿ ಗೋಡೆಯಷ್ಟೇ ಹಳೆಯ ಸಂಗತಿ.

“ಯಾರ ಕಲಿಸಿದ್ರು ಆಯಿ?”

“ಮತ್ಯಾರ? ನಿನ್ನ ಹೆಂಡ್ತಿ. ಮಧ್ಯಾಹ್ನ ನೀವು ಅಪ್ಪ ಮಗಾ ಅಂಗಡ್ಯಾಗ ಇದ್ದಾಗ. ಪಾಟಿ ಮ್ಯಾಲ ಬರಿಯಾಕ ನನ್ನ ಕೈ ನಡಗತೈತಿ. ಇಲ್ಲೆ ಒತ್ತಿದ್ರ ಸಾಕು, ಅಕ್ಷರ ತಾನ ಚಂದಾಗಿ ಕುಂಡ್ರತೈತಿ.”

ಆಯಿ ಎದ್ದು ದೇವರ ಕೋಣೆಗೆ ಹೋದಳು, ಗಂಡನ ನೆನಪಿಗೆ ಹಂಚಿದ್ದ ಗ್ರಂಥವನ್ನು ತಂದು ಮೊದಲ ಪುಟ ತೆರೆದಳು. ಬೆರಳಿಟ್ಟು, ಕಣ್ಣು ಕಿರಿದಾಗಿಸಿ, ಓದಿದಳು: “ಬೆ... ಲೆ. ಸ್ವಾ... ಧ್ಯಾ... ಯ.”

ಅಭಿನಂದನನಿಗೆ ಆ ಪುಟ ಚಿಕ್ಕಂದಿನಿಂದ ಗೊತ್ತು. ದಾನದ ಪುಸ್ತಕಕ್ಕೆ ಹಣದ ಬೆಲೆಯಿಲ್ಲ, ಓದುವುದೇ ಅದರ ಬೆಲೆ ಎಂದು ಹಾಗೆ ಅಚ್ಚು ಹಾಕಿಸುವುದು ವಾಡಿಕೆ.

“ಲಗ್ನಾಗಿ ಬಂದಾಗಿಂದ ಮನ್ಯಾಗಿನ ಶಾಸ್ತ್ರ ದಿನಾ ಒರಸಿ ಇಟ್ಟೇನಿ. ಮೆರವಣಿಗ್ಯಾಗ ತಲಿ ಮ್ಯಾಲ ಹೊತ್ತೇನಿ. ಬೆಲಿ ಮಾತ್ರ ಒಮ್ಮಿನೂ ಕೊಟ್ಟಿರಲಿಲ್ಲ. ನಮ್ಮ ಮಾವನ್ನ ಕೇಳಿದ್ದೆ, ನನಗ ನಾಕ ಅಕ್ಷರ ಕಲಸಾಕ ಹೇಳ್ರಿ ಅಂತ. ನೋಡೋಣು ತಾಯಿ ಅಂದ್ರು. ಆಮ್ಯಾಲ ನನ್ನ ಗಂಡನ್ನ, ನಿಮ್ಮ ಮುತ್ಯಾನ್ನ, ಕೇಳಿದೆ. ಅವ್ರೂ ನೋಡೋಣು ಅಂದ್ರು. ಬ್ಯಾಡ ಅಂತ ಯಾರೂ ಅನ್ನಲಿಲ್ಲಪ್ಪಾ, ಎಲ್ಲಾರೂ ಒಳ್ಳೆವ್ರ.” ಆಯಿ ಗ್ರಂಥ ಮುಚ್ಚಿದಳು. “ನೀ ಕ್ಲಾಸ್ ತಗದಾಗ ನಿನ್ನೂ ಕೇಳಿದ್ದೆ. ನೆನಪೈತೇನು?”

ನೆನಪಿತ್ತು. ಅವನು ಅಂದು ನಕ್ಕು, ಆಯಿಯ ಗಲ್ಲ ಹಿಂಡಿ, ಅದೇ ಮಾತು ಹೇಳಿದ್ದ.

ಹೊರಗೆ ದುರ್ಗಪ್ಪ, “ಏನ್ ಮಾಡೋಣ್ರಿ ಸರ್?” ಎಂದ. “ಕೊಡಂಗಿಲ್ಲ, ಹೋಗು,” ಎಂದ ಅಭಿನಂದನ. ಅವನಿಗೆ ಅಳು ಬಂದಿತ್ತು, ಅದನ್ನು ತೋರಿಸಲು ಮನಸ್ಸಾಗದೆ ಬೇರೆಲ್ಲೋ ನೋಡುತ್ತ ನಿಂತ. ಮನೆಯ ಅಜ್ಜಿ ಮುಪ್ಪಿನಲ್ಲಿ ಅಕ್ಷರ ಕಲಿತಳು. ಊರಿಗೆಲ್ಲ ಸರ್ ಎನಿಸಿಕೊಂಡ ಮೊಮ್ಮಗನಿಗೆ ಅದು ಗುಜರಿಯವನು ಬಾಗಿಲಿಗೆ ಬಂದಾಗ ಗೊತ್ತಾಯಿತು. ಶುಭಾಂಗಿಯೂ ಇನ್ನು ಇಪ್ಪತ್ತು ಮೂವತ್ತು ವರ್ಷ ಹೀಗೇ ಕಾಯುತ್ತ, ಗಂಡ ಒಳ್ಳೆಯವನೆಂದೇ ಹೇಳುತ್ತ ಮುದುಕಿಯಾಗುವಳೇನೋ ಎಂದು ಅವನಿಗೆ ಭಯವಾಯಿತು.

ಮರುದಿನವೇ ಅವನು ಗೋಕಾಕದ ಬಸ್ಸು ಹಿಡಿದು, ಅಲ್ಲಿಂದ ಮತ್ತೊಂದು ಬಸ್ಸಿಗೆ ಹುಕ್ಕೇರಿಗೆ ಹೋದ. ಕರೆಯದೆ ಬಂದ ಅಳಿಯನನ್ನು ಕಂಡು ಅತ್ತೆ ಮಾವಂದಿರಿಗೆ ಗಡಿಬಿಡಿಯಾಯಿತು, ತಟ್ಟೆ ತುಂಬ ಉಂಡೆಗಳು ಬಂದವು. ಅವರೆಲ್ಲ ಒಳಗೆ ಹೋದ ಮೇಲೆ ಶುಭಾಂಗಿ ಬಾಗಿಲ ಹತ್ತಿರ ನಿಂತುಕೊಂಡಳು.

“ಮಶೀನ್ ಕೊಟ್ರೇನ್ರಿ?” ಎಂದಳು.

“ಇಲ್ಲ. ಆಯಿ ಓದಿ ತೋರಿಸಿದ್ಲು.”

ಅವಳ ಮುಖ ಸಡಿಲವಾಯಿತು.

“ಶುಭಾ, ಸೋಮವಾರದಿಂದ ಕ್ಲಾಸಿಗೆ ಬಾ. ನಾ ಮಾತ ಕೊಟ್ಟಿದ್ದೆ.”

“ಈಗ ಯಾಕ್ರಿ? ಆಯಿ ಬೈದ್ಲಂತ?”

ಅಭಿನಂದನ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ನನಗ ಅಂಜಿಕಿ ಇತ್ತು. ನಿನಗ ಬರೂದು ನನಗ ಬರಂಗಿಲ್ಲಂತ ಹುಡುಗೂರಿಗೆ ಗೊತ್ತಾದ್ರ ನನ್ನ ಯಾರು 'ಸರ್' ಅಂದಾರು ಅಂತ. ಕೌಜಲಗಿಯಿಂದ ಒಂದು ಹುಡುಗಿ ಬಂದಿತ್ತು, ಹೆಣ್ಣಮಕ್ಳು ಕಲಸಾವ್ರಿಲ್ಲಂತ ಹೊಳ್ಳಿ ಹೋತು. ಆವಾಗನೂ ನಿನ್ನ ಹೆಸರು ನನ್ನ ಬಾಯಾಗ ಬರಲಿಲ್ಲ.”

“ನನಗರ ಎಲ್ಲಿ ಬರ್ತಿತ್ರಿ? ಹಾಕಿದ್ದೆಲ್ಲಾ ಕೆಡಸಿ ಕೆಡಸಿ ಕಲತದ್ದು. ನೀವೂ ಬಾಜೂಕ ಕುಂತಿದ್ರಿ. ಇಬ್ರೂ ಕೂಡೇ ಕೆಡಸಿದ್ವಿ. ನನಗ ಅದ ಭಾಳ ಚಲೋ ಅನಿಸಿತ್ತು.” ಅವಳು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಧ್ವನಿ ಗಟ್ಟಿಯಾಯಿತು. “ಮಾವಾರಿಗೆ ಹೇಳೀರೇನು?”

“ಇನ್ನಾ ಇಲ್ಲ.”

“ಮದ್ಲ ಅವ್ರಿಗೆ ಹೇಳ್ರಿ. ಹೇಳಿ ಫೋನ್ ಮಾಡ್ರಿ. ಆವಾಗ ಬರ್ತೇನಿ.”

ಅಭಿನಂದನ ಒಬ್ಬನೇ ಹಿಂದಿರುಗಿದ. ಸಂಜೆಯ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮನೆಗೆ ಬಂದ ಮೇಲೆ ಹೇಳಿದರಾಯಿತು ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೇ ಅವನು ಚಪ್ಪಲಿ ಬಿಟ್ಟು ನೇರ ಗಾದಿಯ ಹತ್ತಿರ ಹೋಗಿ ನಿಂತ.

“ಅಪ್ಪಾ, ಸೋಮವಾರದಿಂದ ಶುಭಾ ಕ್ಲಾಸಿನ್ಯಾಗ ಕಲಸ್ತಾಳ.”

ರಾವಸಾಹೇಬರು ಅಳೆಯುವ ಗಜ ಹಿಡಿದ ಕೈಯನ್ನು ಕೆಳಗಿಳಿಸಿದರು. ಗಿರಾಕಿಗಳತ್ತ ಒಮ್ಮೆ ನೋಡಿ ಸಣ್ಣ ಧ್ವನಿಯಲ್ಲಿ, “ಇದನ್ನ ಇಲ್ಲೆ ಹೇಳಬೇಕೇನು?” ಎಂದರು.

“ಮನ್ಯಾಗ ಹೇಳಿದ್ರ ನನಗ ಧೈರ್ಯ ಸಾಲಂಗಿಲ್ಲ.”

“ನಾ ಅಕಿ ವೈರಿ ಅಲ್ಲಪಾ. ಅಕಿ ಶಾಣ್ಯಾಕಿ, ನನಗ ಕಾಣಸತೈತಿ. ಆದ್ರ ಈ ಗಾದಿ ಮ್ಯಾಲ ಕುಂಡ್ರಾಂವ ನಾ. ದಿನಾ ಮಂದಿ ನಡುವ ಸೊಸಿ ಹತ್ತೂದು, ಇಳಿಯೂದು, ಕಂಡಾವ್ರ ಹುಡುಗೂರ ಜೋಡಿ ಕುಂಡ್ರೂದು. ಕೇಳಾವ್ರು ನಿನ್ನ ಕೇಳಂಗಿಲ್ಲ, ನನ್ನ ಕೇಳತಾರ. ಮಗನ ದುಡಿಮಿ ಸಾಲಾಕಿಲ್ಲೇನ್ರಿ ಅಂತಾರ. ಏನ್ ಹೇಳಲಿ?”

“ಹೆಣ್ಣ ನೋಡಾಕ ಹೋದಾಗ ನಾ ಮಾತ ಕೊಟ್ಟಾಗ ನೀವೂ ಅಲ್ಲೆ ಕುಂತಿದ್ರಿ. ನಾವು ಮಾತಿನ ಮಂದಿ ಅಂತ ಅವ್ರು ಹೆಣ್ಣ ಕೊಟ್ರು. ಕೇಳಿದಾವ್ರಿಗೆ ಇದ್ದದ್ದು ಹೇಳ್ರಿ.”

ರಾವಸಾಹೇಬರು ಗಜದ ತುದಿಯನ್ನು ಗಾದಿಗೆ ಊರಿದರು. ವ್ಯಾಪಾರದಲ್ಲಿ ಒಮ್ಮೆಯೂ ಮಾತು ತಪ್ಪದ ಮನುಷ್ಯ. ಆ ಏಟು ಎಲ್ಲಿ ಬಿತ್ತೆಂದು ಅಭಿನಂದನನಿಗೂ ಗೊತ್ತಾಯಿತು. ಕೊನೆಗೆ ಅವರು ಹಿಂದಿನ ಕಪಾಟಿನಿಂದ ದಪ್ಪನೆಯ ಹಸಿರು ಅರಿವೆಯ ತಾನು ಎಳೆದು, ಅಳೆದು, ಚರ್‍ರನೆ ಹರಿದರು.

“ಮೆಟ್ಟಲಕ್ಕ ಒಂದು ಪಡದೆ ಹಾಕ್ಸು. ಅಕಿ ಹತ್ತೂದು ಇಳಿಯೂದು ಕಾಣಂಗಿಲ್ಲ.”

ಅದು ಅವರಿಗೆ ಬಹಳ ದೊಡ್ಡ ರಿಯಾಯಿತಿ. ನಿನ್ನೆಯ ಅಭಿನಂದನನಾಗಿದ್ದರೆ ಸಂತೋಷದಿಂದ ತೆಗೆದುಕೊಂಡು ಮೇಲೆ ಹತ್ತುತ್ತಿದ್ದ.

“ಪಡದೆ ಬ್ಯಾಡ್ರಿ ಅಪ್ಪಾ.”

“ಹರದದ್ದಾತಲ್ಲೋ.”

“ಕಂಪ್ಯೂಟರಿಗೆ ಹೊಚ್ಚಾಕ ಬರತೈತ್ರಿ. ಮ್ಯಾಲ ಧೂಳ ಭಾಳ.” ಅವನು ಅರಿವೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಹುಕ್ಕೇರಿಗೆ ಫೋನ್ ಮಾಡಲು ಹೋದ.

ಸೋಮವಾರ ಬೆಳಿಗ್ಗೆ ಶುಭಾಂಗಿ ಅಂಗಡಿಗೆ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಮಾವನಿಗೆ ನಮಸ್ಕಾರ ಮಾಡಿದಳು. ರಾವಸಾಹೇಬರು ಸೀರೆಯ ಗಂಟಿನಿಂದ ತಲೆಯೆತ್ತಲಿಲ್ಲ. ಅವಳು ಹೆಂಗಸರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಅವಳ ಹಿಂದೆ, ಹಳೆಯ ಮಾನಿಟರನ್ನು ಎದೆಗವಚಿಕೊಂಡು, ಮುಂದಿನದೇನೂ ಕಾಣದೆ ಕಾಲಿನಿಂದಲೇ ಮೆಟ್ಟಿಲು ತಡಕುತ್ತ ಅಭಿನಂದನ ಹತ್ತುತ್ತಿದ್ದ.

ಕೆಳಗೆ ಸೀರೆ ಆರಿಸುತ್ತಿದ್ದ ಹೆಂಗಸೊಬ್ಬಳು ಕೇಳಿದ್ದು ಅವನ ಕಿವಿಗೆ ಬಿತ್ತು: “ಸಾವಕಾರ್ರ, ಯಾರ್ರೀ ಅವ್ರು, ಮ್ಯಾಲ ಹೋದಾಕಿ?”

ಅಭಿನಂದನನ ಕಾಲು ಮೆಟ್ಟಿಲಿನ ಮೇಲೆ ಹಾಗೆಯೇ ನಿಂತಿತು. ಮೇಲಿನ ಮೆಟ್ಟಿಲಲ್ಲಿ ಶುಭಾಂಗಿಯ ಬಳೆಯ ಸದ್ದೂ ನಿಂತಿತು.

“ಮ್ಯಾಲಿನ ಕ್ಲಾಸಿನ ಬಾಯಾರು,” ಎಂದರು ರಾವಸಾಹೇಬರು. “ಕಂಪ್ಯೂಟರ್ ಕಲಸ್ತಾರ.”

ಮತ್ತೊಂದು ಸೀರೆಯ ಮಡಿಕೆ ಬಿಚ್ಚಿ ಗಿರಾಕಿಯ ಮುಂದೆ ಹರಡಿ, ಸೆರಗಿನ ಅಂಚನ್ನು ತಿರುವಿ ತೋರಿಸಿ, ಆಮೇಲೆ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು:

“ನಮ್ಮ ಸೊಸಿ.”